ಲಂಗರು ಮತ್ತು ನೇಗಿಲು

ಕನ್ನಡ ಪಾಠ ಹೇಳುವ ನಮ್ಮಂಥವರಿಗೆ ಲಂಗರು ಬಹಳ ಉಪಕಾರಿಯಾದ ವಸ್ತು. ಕವಿಯ ಮನಸ್ಸು ಹಳ್ಳಿಯ ನೆನಪಿನಲ್ಲಿ ಲಂಗರು ಹಾಕಿ ನಿಂತಿದೆ ಎನ್ನುತ್ತೇವೆ. ಕಾದಂಬರಿಯ ನಾಯಕ ಲಂಗರು ಕಳಚಿದ ಹಡಗಿನಂತೆ ಅಲೆಯುತ್ತಾನೆ ಎನ್ನುತ್ತೇವೆ. ವಿದ್ಯಾರ್ಥಿಗಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ನಮಗೆ ಹಿಂದಿರುಗಿಸುತ್ತಾರೆ. ಈ ಲಂಗರಿಗೆ ತೂಕವಿಲ್ಲ, ತುಕ್ಕಿಲ್ಲ, ಕೆಸರಿನ ವಾಸನೆಯಿಲ್ಲ. ಹಾಕಿದ ಲಂಗರನ್ನು ಯಾರಾದರೊಬ್ಬರು ಮತ್ತೆ ಎತ್ತಬೇಕೆಂಬ ಚಿಂತೆಯಂತೂ ನಮ್ಮ ವಿಮರ್ಶೆಯಲ್ಲಿ ಎಲ್ಲಿಯೂ ತಲೆಹಾಕುವುದಿಲ್ಲ. ನಾನು ಇಲ್ಲಿ ಹೇಳಹೊರಟಿರುವುದು ಎತ್ತಬೇಕಾದ ಲಂಗರಿನ ವಿಚಾರ.

ಶಬ್ದದ ಬೆನ್ನು ಹತ್ತುವುದು ನನ್ನ ಕಸುಬಿನ ಚಾಳಿ; ಮೊದಲು ಅದನ್ನು ತೀರಿಸಿಬಿಡುತ್ತೇನೆ. 'ಲಂಗರು' ಪಾರಸಿಯಿಂದ ಬಂದ ಮಾತು. ತಮಿಳು ಮಲೆಯಾಳಗಳ ನಾವಿಕರು ನಂಗೂರವೆನ್ನುತ್ತಾರೆ. ನಾನು ಕೆಲಸ ಮಾಡುವ ಕಾರವಾರದ ಕಡೆ ಕೊಂಕಣಿ ಮರಾಠಿಗಳ ಬಾಯಲ್ಲಿ ಅದು 'ನಾಂಗರ'. ಮರಾಠಿ ನಿಘಂಟನ್ನು ತೆರೆದು ನೋಡಿದರೆ ಈ 'ನಾಂಗರ'ಕ್ಕೆ ಎರಡು ಅರ್ಥಗಳಿವೆ: ನೇಗಿಲು, ಲಂಗರು. ನೇಗಿಲಿನ ನಾಂಗರ ಸಂಸ್ಕೃತದ 'ಲಾಂಗಲ'ದಿಂದ ಬಂದದ್ದೆಂದೂ ಹಡಗಿನ ನಾಂಗರ ಪಾರಸಿಯದೆಂದೂ ಪಂಡಿತರು ಬೇರ್ಪಡಿಸುತ್ತಾರೆ. ಬೇರ್ಪಡಿಸಲಿ. ನೆಲ ಉಳುವವನೂ ನೀರಿನಲ್ಲಿ ನಿಲ್ಲಬೇಕಾದವನೂ ಒಂದೇ ಹೆಸರಿನ ಸಾಧನವನ್ನು ಹಿಡಿದಿದ್ದಾರಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಈ ಸಂತೋಷದ ಇನ್ನೊಂದು ತುದಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಅದನ್ನು ಮುಂದೆ ಹೇಳುತ್ತೇನೆ.

ಕಡಲ ಕೆಲಸ ಕಾಣದ ವಾಚಕರಿಗೆ ಲಂಗರಿನ ಪರಿಚಯ ಮಾಡಿಕೊಡಲು ಬಾವಿಕಟ್ಟೆಯೇ ಸಾಕು. ಹಗ್ಗ ಕಳಚಿ ಕೊಡ ಬಾವಿಗೆ ಬಿದ್ದರೆ ತಡಕಿ ತೆಗೆಯುವ ಪಾತಾಳಗರಡಿಯನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಅದು ಕೇರಿಗೊಂದು ಇರುತ್ತಿತ್ತಂತೆ. ಒಯ್ಯಬೇಕಾದರೆ ಒಂದು ತಂಬಿಗೆಯನ್ನೊ ತಟ್ಟೆಯನ್ನೊ ಒತ್ತೆಯಿಟ್ಟು ಹೋಗಬೇಕಾಗಿತ್ತೆಂದು ನಮ್ಮ ತಾಯಿ ಹೇಳುತ್ತಾರೆ. ಹಲವು ಕೊಕ್ಕೆಗಳ ಆ ಕಬ್ಬಿಣವನ್ನು ಸ್ವಲ್ಪ ದೊಡ್ಡದು ಮಾಡಿ ಊಹಿಸಿಕೊಳ್ಳಿ. ಸಣ್ಣ ದೋಣಿಗಳ ನಾಲ್ಕು ಕೊಕ್ಕೆಯ ಲಂಗರು ಹೆಚ್ಚುಕಡಮೆ ಅದೇ. ಕಬ್ಬಿಣಕ್ಕೆ ಮುಂಚೆ ಕಲ್ಲಿತ್ತು. ತೂತು ಕೊರೆದು ಮರದ ಗೂಟ ತೂರಿಸುತ್ತಿದ್ದ ಉದ್ದುದ್ದ ಲಂಗರುಗಲ್ಲುಗಳು ಗುಜರಾತ, ಮಹಾರಾಷ್ಟ್ರ, ಗೋವೆಗಳ ತೀರದ ನೀರಿನಲ್ಲಿ ಸಿಕ್ಕಿವೆ.

ಬಾವಿಕಟ್ಟೆಯ ಮೇಲೆ ಮಕ್ಕಳು ಕೇಳುತ್ತಿದ್ದ ಬೈಗುಳ ಒಂದುಂಟು: "ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡ!" ತುಂಬಿದ ಕೊಡ ಜಾರಿದರೆ ಹಗ್ಗ ಕೈಯನ್ನೂ ಎಳೆದೊಯ್ಯುತ್ತದೆ. ಲಂಗರಿನ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ದೊಡ್ಡ ಬುದ್ಧಿಮಾತು ಸಿಗಲಿಲ್ಲ. ವ್ಯತ್ಯಾಸವಿಷ್ಟೆ: ಬಾವಿಯ ಹಗ್ಗದ ತುದಿಯಲ್ಲಿರುವುದು ಹದಿನೈದು ಕಿಲೋ ನೀರು, ಲಂಗರಿನ ಹಗ್ಗದ ತುದಿಯಲ್ಲಿರುವುದು ಗಾಳಿಗೆ ಸಿಕ್ಕಿದ ಕೆಲವು ಟನ್ನು ತೂಕದ ದೋಣಿ.

ನನ್ನ ತಾಯಿಯ ತಂದೆಗೆ ಬಲಗೈಯಲ್ಲಿ ಮೂರೇ ಬೆರಳುಗಳು. ಕಿರುಬೆರಳು, ಉಂಗುರದ ಬೆರಳುಗಳೆರಡೂ ಬುಡದಲ್ಲಿಯೇ ಇಲ್ಲ. ಅನ್ನ ಕಲಸುವಾಗ ಅಂಗೈಯನ್ನು ವಾರೆಮಾಡಿ ಹಿಡಿಯುತ್ತಾರೆ. ಮನೆಯ ಮಕ್ಕಳೆಲ್ಲ ಸ್ವಲ್ಪಕಾಲ ಅದೇ ಸರಿಯಾದ ಕ್ರಮವೆಂದುಕೊಂಡು ಹಾಗೆಯೇ ಉಂಡು ಬೈಸಿಕೊಂಡದ್ದುಂಟು. ಅಜ್ಜ ಹೊನ್ನಾವರದವರು. ಹದಿನಾರು ತುಂಬುವ ಮೊದಲೇ ಖಲಾಸಿಯಾಗಿ ಪತ್ತೆಮಾರಿ ಹತ್ತಿದರು. ಮಂಗಳೂರಿನ ಹೆಂಚನ್ನು ಮುಂಬಯಿಗೆ ಒಯ್ಯುತ್ತಿದ್ದ ಹಾಯಿಹಡಗು ಅದು. 1951ರ ಮೇ ತಿಂಗಳ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚಿನ ಕಡೆಯ ಪಯಣ. ರತ್ನಾಗಿರಿಯ ಆಸುಪಾಸಿನಲ್ಲಿ ರಾತ್ರಿ ಗಾಳಿ ತಿರುಗಿತು. ತಂಡೇಲ ಲಂಗರು ಬಿಡಹೇಳಿದ. ತೆಂಗಿನ ನಾರಿನ ಹಗ್ಗದ ಸಿಂಬೆ ಬಿಚ್ಚಿ ಓಡತೊಡಗಿದಾಗ ಅದು ತೊಡರಿಕೊಳ್ಳದಂತೆ ಕೈಯಿಂದ ಬಿಡಿಸುತ್ತ ನಿಂತಿದ್ದವರು ಅಜ್ಜ. ಒಂದು ಸುತ್ತು ಬೆರಳುಗಳನ್ನು ಹಿಡಿದುಕೊಂಡು ಮರದ ಗೂಟಕ್ಕೆ ಬಿಗಿಯಿತು. ಮುಂಬಯಿಯ ಆಸ್ಪತ್ರೆ ಸೇರಿದ್ದು ನಾಲ್ಕನೆಯ ದಿನ. ಇಷ್ಟನ್ನು ಹೇಳಿದವರು ಅಜ್ಜಿ. ಅಜ್ಜ ಆ ವಿಷಯವನ್ನು ತಾವಾಗಿ ಎತ್ತಿದ್ದು ನನ್ನ ತಿಳಿವಳಿಕೆ ಬಂದ ಮೇಲೆ ಒಂದೇ ಸಲ.

ನಮ್ಮಲ್ಲಿ ಕೆಲಸವನ್ನು ಸುಲಭಮಾಡಿಕೊಳ್ಳುವುದೆಂದರೆ ಏನೋ ಒಂದು ಅಪರಾಧವೆಂಬ ಭಾವನೆಯಿದೆ. ಒರಳಿನಲ್ಲಿ ರುಬ್ಬಿದ ಹಿಟ್ಟಿನ ರುಚಿ ಯಂತ್ರದ ಹಿಟ್ಟಿಗಿಲ್ಲವೆಂದು ನಿಟ್ಟುಸಿರಿಡುವವರು ಸಾಮಾನ್ಯವಾಗಿ ಒಂದು ದಿನವೂ ಒರಳಿನ ಮುಂದೆ ಕುಳಿತವರಲ್ಲ. ಬಾವಿಗೆ ರಾಟೆ ಹಾಕಿಸಿದಾಗಲೂ ಸೊಸೆಯಂದಿರು ಸೋಮಾರಿಗಳಾದರೆಂದು ಹೇಳಿದ ಅತ್ತೆಯರು ಇದ್ದಿರಬೇಕು. ಹಾಯಿದೋಣಿಯ ಲೋಕದಲ್ಲಿಯೂ ಈ ಮಡಿವಂತಿಕೆ ಉಂಟು. ಲಂಗರನ್ನು ಬರಿಗೈಯಲ್ಲಿ ಸೇದುವವನೇ ನಾವಿಕ, ಉಳಿದವರು ಪ್ರವಾಸಿಗಳು ಎಂಬ ಮಾತನ್ನು ನಾನೇ ಕೇಳಿದ್ದೇನೆ.

ಈ ಮಡಿಯನ್ನು ಪೂರ್ತಿಯಾಗಿ ಬಿಟ್ಟವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ನೌಕಾಪಡೆಯಿಂದ ನಿವೃತ್ತರಾದವರು; ಊರೆಲ್ಲ ಕಪ್ತಾನರೆನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಅವರದೊಂದು ಇಪ್ಪತ್ತೆಂಟು ಅಡಿಯ ಹಾಯಿದೋಣಿ. ಮಳೆಗಾಲ ಕಳೆದ ಮೇಲೆ ಗಂಡಹೆಂಡಿರಿಬ್ಬರೇ ಅದನ್ನು ನಡೆಸುತ್ತಾರೆ. ಇಬ್ಬರಿಗೂ ಅರವತ್ತೈದು ದಾಟಿದೆ. ಕಪ್ತಾನರಿಗೆ ಸೊಂಟನೋವು ಬೇರೆ. ಕಳೆದ ಚಳಿಗಾಲದ ಒಂದು ಭಾನುವಾರ, "ಮಾಸ್ತರರೆ, ಪುಸ್ತಕದ ಸಮುದ್ರ ಸಾಕು, ಬನ್ನಿ" ಎಂದು ಕರೆದೊಯ್ದರು. ಕೂರ್ಮಗಡ ದ್ವೀಪದ ಮರೆಯಲ್ಲಿ ಲಂಗರು ಹಾಕಿ ಊಟಮಾಡಿ ಬರುವುದೆಂದು ಗೊತ್ತಾಯಿತು.

ನಾನು ನಿರೀಕ್ಷಿಸಿದ್ದು ಗದ್ದಲ, ಕೂಗಾಟ, ಕಬ್ಬಿಣವನ್ನು ನೀರಿಗೆ ಎಸೆಯುವ ಒಂದು ವೀರಭಂಗಿ. ಇದೊಂದೂ ಆಗಲಿಲ್ಲ. ಲಂಗರನ್ನು ಎತ್ತಿ ತರುವ ಪ್ರಸಂಗವೇ ಇರಲಿಲ್ಲ. ಅದು ದೋಣಿಯ ಮುಂತುದಿಯಲ್ಲಿ, ಹೊರಚಾಚಿದ ಉರುಳೆಯೊಂದರ ಮೇಲೆ ತನ್ನ ಜಾಗದಲ್ಲಿ ಕುಳಿತಿತ್ತು. ಅಡ್ಡಲಾಗಿ ಒಂದು ಕೀಲು. ಸರಪಳಿ ಕೊಳವೆಯೊಂದರ ಮೂಲಕ ಕೆಳಗಿನ ಪೆಟ್ಟಿಗೆಗೆ ಇಳಿದಿತ್ತು. ಕಾಲಿನ ಸುತ್ತ ಹಗ್ಗದ ಸಿಂಬೆಯಿಲ್ಲ, ಕುಣಿಕೆಯಿಲ್ಲ. ಕಪ್ತಾನರು ಬೂಟು ಹಾಕಿಕೊಂಡು, ದಪ್ಪ ತೊಗಲಿನ ಕೈಚೀಲ ತೊಟ್ಟು ಮುಂದೆ ಹೋದರು. ಚುಕ್ಕಾಣಿ ಹಿಡಿದಿದ್ದವರು ಅವರ ಪತ್ನಿ. ಆಕೆ ದೋಣಿಯನ್ನು ಗಾಳಿಗೆದುರಾಗಿ ತಿರುಗಿಸಿದರು. ಹಾಯಿ ಸಡಿಲಿತು, ಓಟ ತಗ್ಗಿತು, ದೋಣಿ ನಿಂತಿತು, ಮತ್ತೆ ಮೆಲ್ಲನೆ ಹಿಂದಕ್ಕೆ ಸರಿಯತೊಡಗಿತು. ಕಪ್ತಾನರು ಕೀಲು ತೆಗೆದದ್ದು ಆಗ. ಲಂಗರು ತಾನಾಗಿ ಇಳಿಯಿತು. ಸರಪಳಿಯ ವೇಗ ಕೈಯಲ್ಲಿರಲಿಲ್ಲ, ರಾಟೆಯ ಬಿರಿಯಲ್ಲಿತ್ತು. ದೋಣಿ ಹಿಂದೆ ಸರಿದಷ್ಟೇ ಸರಪಳಿ ಬಿಡುತ್ತಿದ್ದರು. ಒಟ್ಟಿಗೆ ಸುರಿದರೆ ಅದು ಲಂಗರಿನ ಮೇಲೆಯೇ ಗುಡ್ಡೆಬಿದ್ದು ಸಿಕ್ಕಿಕೊಳ್ಳುತ್ತದಂತೆ.

ಆ ಹೊತ್ತಿನಲ್ಲೆಲ್ಲ ದಂಪತಿಗಳು ಒಂದು ಮಾತನ್ನೂ ಆಡಲಿಲ್ಲ. ಗಾಳಿಯಲ್ಲಿ ಮುಂದಿನಿಂದ ಕೂಗಿದ್ದು ಹಿಂದೆ ಕೇಳುವುದಿಲ್ಲ; ಅರ್ಧ ಕೇಳಿದ್ದು ಕೇಳದ್ದಕ್ಕಿಂತ ಅಪಾಯ. ಮುಷ್ಟಿ ಎತ್ತಿದರೆ ನಿಲ್ಲು. ತೋಳು ಯಾವ ಕಡೆ ಚಾಚಿದರೆ ಆ ಕಡೆ ತಿರುಗು. ಅಂಗೈ ಹಿಂದಕ್ಕಾಡಿಸಿದರೆ ಹಿಂದೆ ಸರಿ. ಇಷ್ಟೇ ಅವರ ವ್ಯಾಕರಣ. "ಮೊದಲು ನಾವು ಕೂಗುತ್ತಿದ್ದೆವು. ದಡದ ಮೇಲಿದ್ದವರಿಗೆಲ್ಲ ನಮ್ಮ ಸಂಸಾರದ ವಿಷಯ ಗೊತ್ತಾಗುತ್ತಿತ್ತು" ಎಂದರು ಆಕೆ. ಮನೆಯಲ್ಲಿಯೂ ಈ ಸಂಜ್ಞೆಗಳು ನಡೆಯುತ್ತವೆಯೆ ಎಂದು ಕೇಳುವಷ್ಟು ಸಲಿಗೆ ನನಗಿರಲಿಲ್ಲ.

ಎಷ್ಟು ಸರಪಳಿ ಬಿಡಬೇಕು? ಈ ಲೆಕ್ಕವನ್ನು ತಿಳಿದ ಮೇಲೆ ನನ್ನ ಎಷ್ಟೋ ಉಪಮೆಗಳು ಹಾಳಾದುವು. ಲಂಗರು ತನ್ನ ಭಾರದಿಂದ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆಂದು ನಾವು ತಿಳಿಯುತ್ತೇವೆ. ಅದು ಹಿಡಿಯುವುದು ನೆಲದೊಳಕ್ಕೆ ಹೂತುಕೊಂಡು. ಎಳೆತ ನೆಲಕ್ಕೆ ಸಮಾನವಾಗಿದ್ದರೆ ಮಾತ್ರ ಹೂತುಕೊಳ್ಳುತ್ತದೆ. ಎಳೆತ ಮೇಲ್ಮುಖವಾದಷ್ಟೂ ಕಿತ್ತುಬರುತ್ತದೆ. ಆದ್ದರಿಂದ ಆಳದ ಐದರಷ್ಟಾದರೂ ಉದ್ದ ಬಿಡಬೇಕು. ಬರಿಯ ಹಗ್ಗವಾದರೆ ಏಳರಷ್ಟು. ಬಿರುಗಾಳಿಯಾದರೆ ಇನ್ನೂ ಹೆಚ್ಚು. ಆಳವನ್ನು ಅಳೆಯಬೇಕಾದದ್ದು ನೀರಿನ ಮೇಲ್ಮೈಯಿಂದಲ್ಲ, ದೋಣಿಯ ಮುಂತುದಿಯ ಉರುಳೆಯಿಂದ. ಅದೂ ಉಬ್ಬರ ಬಂದಾಗ ಎಷ್ಟಾಗುವುದೆಂದು ನೋಡಿ. ಅಂದು ಆರು ಮೀಟರು ನೀರಿತ್ತು. ಉರುಳೆಯ ಎತ್ತರ ಒಂದು, ಉಬ್ಬರಕ್ಕೆಂದು ಒಂದು: ಒಟ್ಟು ಎಂಟು. ಕಪ್ತಾನರು ಬಿಟ್ಟದ್ದು 40 ಮೀಟರು: 30 ಮೀಟರು ಸರಪಳಿ, ಅದರ ಹಿಂದೆ ಕಟ್ಟಿದ ನೈಲಾನು ಹಗ್ಗ 10 ಮೀಟರು. ಇದನ್ನು ಎಣಿಸಲು ಅವರು ಬಾಗಲೂ ಇಲ್ಲ, ಮುಟ್ಟಲೂ ಇಲ್ಲ. ಐದೈದು ಮೀಟರಿಗೊಂದು ಬಣ್ಣದ ಪಟ್ಟೆ ಬಳಿದಿತ್ತು, ನಿಂತಲ್ಲಿಂದಲೇ ಓದಿಕೊಂಡರು.

ಆಮೇಲೆ ಹಾಯಿಯನ್ನು ಹಿಮ್ಮುಖವಾಗಿ ಹಿಡಿದು ದೋಣಿಯಿಂದಲೇ ಲಂಗರನ್ನು ಜಗ್ಗಿಸಿ ನೆಡಿಸಿದರು. ದೇವಗಡದ ದೀಪಸ್ತಂಭವೂ ಹತ್ತಿರದ ಬಂಡೆಯೊಂದೂ ಒಂದೇ ಗೆರೆಯಲ್ಲಿ ಕಾಣುವಂತೆ ನನ್ನನ್ನು ಕೂರಿಸಿ, "ಇವೆರಡೂ ಬೇರೆಯಾದರೆ ಹೇಳಿ" ಎಂದರು. ಲಂಗರು ಜಾರುತ್ತಿದೆಯೆ ಎಂದು ತಿಳಿಯುವ ಹಳೆಯ ಉಪಾಯವಿದು. ನನ್ನ ಊಟ ಮುಗಿಯುವವರೆಗೂ ಅವು ಬೇರೆಯಾಗಲಿಲ್ಲ.

ಆ ಲಂಗರಿನ ತೂಕ ಕೇವಲ 11 ಕಿಲೋ. ಹತ್ತಿರದಿಂದ ನೋಡಿದಾಗ ನಾನು ಅರೆಗಳಿಗೆ ಬೆರಗಾದೆ. ಪಾತಾಳಗರಡಿಯ ಕೊಕ್ಕೆಗಳಿಲ್ಲ, ಚಿತ್ರಗಳಲ್ಲಿ ಕಾಣುವ ಎರಡು ತೋಳಿನ ಆಕಾರವೂ ಇಲ್ಲ. ಒಂದು ದಂಡ, ಅದರ ತುದಿಯಲ್ಲಿ ಎರಡು ಮಗ್ಗುಲಿಗೂ ಇಳಿಬಿದ್ದ ಒಂದು ಗುಳ. ಸಾಕ್ಷಾತ್ ನೇಗಿಲು!

ಇದನ್ನು ಕಂಡುಹಿಡಿದವರು ಜೆಫ್ರಿ ಇನ್‌ಗ್ರಾಂ ಟೇಲರ್ ಎಂಬ ಇಂಗ್ಲಿಷ್ ವಿಜ್ಞಾನಿ, ಕೇಂಬ್ರಿಜ್ಜಿನವರು. ಹರಿಯುವ ನೀರು ಗಾಳಿಗಳ ಸುಳಿಯನ್ನು ಗಣಿತದಲ್ಲಿ ಹಿಡಿದವರಲ್ಲಿ ಅವರದು ಮೊದಲ ಸಾಲಿನ ಹೆಸರು. ಇಂದಿನ ಕಂಪ್ಯೂಟರುಗಳ ತರ್ಕಕ್ಕೆ ತಳಹದಿಯಾದ ಬೀಜಗಣಿತವನ್ನು ಕಟ್ಟಿದ ಜಾರ್ಜ್ ಬೂಲ್ ಅವರ ತಾಯಿಯ ತಂದೆ. ಟೇಲರರಿಗೆ ಹಾಯಿದೋಣಿಯ ಹುಚ್ಚು. 1927ರಲ್ಲಿ ಪತ್ನಿಯೊಡನೆ 'ಫ್ರಾಲಿಕ್' ಎಂಬ ತಮ್ಮ ದೋಣಿಯಲ್ಲಿ ನಾರ್ವೆಯ ಲೋಫೋಟೆನ್ ದ್ವೀಪಗಳವರೆಗೆ, ಎಂದರೆ ಉತ್ತರ ಧ್ರುವವೃತ್ತದಾಚೆಗೆ, ಹೋಗಿಬಂದರು. ಅಂಥ ಯಾತ್ರೆಯಲ್ಲಿ ಸಂಜೆಗೊಂದು ತಂಗುದಾಣ. ತಂಗುದಾಣಕ್ಕೊಮ್ಮೆ ಭಾರವಾದ ಲಂಗರನ್ನು ಇಳಿಸುವುದು, ಬೆಳಗಾದರೆ ಎತ್ತುವುದು. ಸಾಮಾನ್ಯ ಮನುಷ್ಯ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಸುಮ್ಮನಾಗುತ್ತಿದ್ದ. ಟೇಲರರು ಬೇರೊಂದು ಪ್ರಶ್ನೆಯನ್ನು ಹಾಕಿಕೊಂಡರು: ಕಬ್ಬಿಣದ ಒಂದೊಂದು ಸೇರಿಗೆ ನೆಲದ ಹಿಡಿತ ಎಷ್ಟು ಸಿಕ್ಕೀತು?

ಹಳೆಯ ಎರಡು ತೋಳಿನ ಲಂಗರಿನಲ್ಲಿ ಒಂದು ತೋಳು ಮಾತ್ರ ನೆಲಕ್ಕಿಳಿಯುತ್ತದೆ. ಇನ್ನೊಂದು ಮೇಲೆ ಚಾಚಿಕೊಂಡು ಸುಮ್ಮನಿರುತ್ತದೆ. ಸುಮ್ಮನಿದ್ದರೂ ಚಿಂತೆಯಿಲ್ಲ. ಗಾಳಿ ತಿರುಗಿ ದೋಣಿ ಸುತ್ತು ಹಾಕಿದಾಗ ಹಗ್ಗ ಆ ತೋಳಿಗೆ ಸುತ್ತಿಕೊಂಡು, ನೆಟ್ಟ ತೋಳನ್ನೂ ಕಿತ್ತುಬಿಡುತ್ತದೆ. ನೇಗಿಲಾದರೆ ಇರುವ ಕಬ್ಬಿಣವೆಲ್ಲ ನೆಲದೊಳಗೆ. ಮೇಲೆ ಚಾಚುವ ಅಂಗವೇ ಇಲ್ಲ. ಎಳೆದಷ್ಟೂ ಆಳಕ್ಕಿಳಿಯುತ್ತದೆ. ದಂಡಕ್ಕೂ ಗುಳಕ್ಕೂ ನಡುವೆ ಕೀಲು ಇಟ್ಟದ್ದರಿಂದ ದೋಣಿ ಅತ್ತಿತ್ತ ತೊನೆದರೂ ಗುಳ ಕದಲುವುದಿಲ್ಲ. 1933ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಇಟ್ಟ ಹೆಸರು 'ಸಿ ಕ್ಯೂ ಆರ್'. ಬೇಗ ಉಚ್ಚರಿಸಿದರೆ 'ಸೆಕ್ಯೂರ್', ಎಂದರೆ ಭದ್ರ, ಎಂದು ಕೇಳಿಸುತ್ತದೆ. ಶ್ಲೇಷೆಯೆಂಬುದು ಪಂಪ ಲಕ್ಷ್ಮೀಶರ ಸೊತ್ತೆಂದು ಕನ್ನಡದವರು ಜಂಬಪಡಬೇಕಾಗಿಲ್ಲ.

ನಮ್ಮ ಬಲರಾಮ ಯಮುನೆಯನ್ನು ನೇಗಿಲಿನಿಂದ ಸೆಳೆದು ತಂದನೆಂದು ಪುರಾಣ ಹೇಳುತ್ತದೆ. ಅದಕ್ಕೇ ಅವನಿಗೆ ಲಾಂಗಲಿಯೆಂಬ ಹೆಸರು. ಓಡುವ ನೀರನ್ನು ನೇಗಿಲಿನಿಂದ ತನ್ನತ್ತ ತಿರುಗಿಸಿದವನು ಅವನು. ಓಡುವ ನೀರಿನಲ್ಲಿ ತನ್ನನ್ನೇ ನೇಗಿಲಿನಿಂದ ನಿಲ್ಲಿಸಿಕೊಂಡವನು ಈ ಸಾಹೇಬ. ಒಂದೇ ಹೆಸರಿನಲ್ಲಿ ನೇಗಿಲನ್ನೂ ಲಂಗರನ್ನೂ ಕರೆಯುತ್ತ ಬಂದ ಕೊಂಕಣದ ಖಲಾಸಿಗಳಿಗೆ ಈ ಸುದ್ದಿಯಿಂದ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಟೇಲರರ ನೇಗಿಲೇ ಕೊನೆಯ ಮಾತಲ್ಲ. ಗಟ್ಟಿ ನೆಲದಲ್ಲಿ ಅದು ಮಗ್ಗುಲಾಗಿ ಜಾರುವುದುಂಟು. 1990ರ ಈಚೆಗೆ ಬಂದ, ಸಲಿಕೆಯಂತೆ ಬಾಗಿದ ಅಲಗಿನ ಲಂಗರುಗಳು ಅದಕ್ಕಿಂತ ಬೇಗ ನೆಡುತ್ತವೆ. ಆ ಕೀಲಿನ ಸಂದಿಗೆ ಬೆರಳು ಸಿಕ್ಕಿದರೆ ಕತ್ತರಿಯ ಕೆಲಸವಾಗುತ್ತದೆಂದು ಕಪ್ತಾನರು ಎರಡು ಸಲ ಎಚ್ಚರಿಸಿದರು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಅದನ್ನು ನೋಡಿದೆ.

ಇಳಿಸುವುದಕ್ಕಿಂತ ಎತ್ತುವುದು ಕಷ್ಟ. ಅವರ ಸರಪಳಿ ಮೀಟರಿಗೆ ಸುಮಾರು 1.4 ಕಿಲೋ. ಹದಿನೈದು ಮೀಟರು ಆಳದಲ್ಲಿ ಲಂಗರು ನೆಲ ಬಿಟ್ಟು ನೇರವಾಗಿ ತೂಗಿದಾಗ ಸರಪಳಿಯದು 21, ಲಂಗರಿನದು 11. ಒಟ್ಟು 32 ಕಿಲೋ. ನೀರಿನೊಳಗೆ ಎಂಟರಲ್ಲೊಂದು ಪಾಲು ಕಳೆದರೂ, ತೊನೆಯುವ ಹಲಗೆಯ ಮೇಲೆ ಬಾಗಿ ನಿಂತು ಸೇದಲು ಅದು ಮುದುಕರ ಸೊಂಟಕ್ಕೆ ತಕ್ಕ ಭಾರವಲ್ಲ. ಅದಕ್ಕೇ ರಾಟೆ. ವಿಂಡ್‌ಲಾಸ್ ಎನ್ನುತ್ತಾರೆ, ಸರಪಳಿಯ ಕೊಂಡಿಗಳಿಗೆ ಹೊಂದುವ ಹಲ್ಲುಗಳ ಚಕ್ರ, ಹಿಂದಕ್ಕೆ ತಿರುಗದಂತೆ ಒಂದು ತಡೆ, ಆಡಿಸಲು ಒಂದು ಸನ್ನೆಗೋಲು. ಆಯಾಸವಾದರೆ ನಡುವೆ ನಿಲ್ಲಿಸಿ ಮೈ ನೆಟ್ಟಗೆ ಮಾಡಿಕೊಳ್ಳಬಹುದು, ಸರಪಳಿ ಜಾರುವುದಿಲ್ಲ.

ಆದರೆ ರಾಟೆಯಿಂದ ದೋಣಿಯನ್ನೇ ಎಳೆಯಬಾರದು. ಅದನ್ನೇ ನಂಬಿ ರಾತ್ರಿ ಮಲಗಲೂ ಬಾರದು. ನಿಂತಿರುವಾಗ ಭಾರವನ್ನು ಹೊರುವುದು ಬೇರೊಂದು ನೈಲಾನು ಹಗ್ಗ; ಅದರ ತುದಿಯ ಕೊಕ್ಕೆಯನ್ನು ಸರಪಳಿಗೆ ಸಿಕ್ಕಿಸಿ ದೋಣಿಯ ಗಟ್ಟಿ ಗೂಟಕ್ಕೆ ಕಟ್ಟುತ್ತಾರೆ. ನೈಲಾನು ಹಿಗ್ಗುತ್ತದೆ, ಅಲೆಯ ಜಗ್ಗಾಟವನ್ನು ತಾನು ನುಂಗಿಕೊಳ್ಳುತ್ತದೆ. ಎತ್ತುವ ಹೊತ್ತಿಗೆ ಮೊದಲು ದೋಣಿಯನ್ನೇ ಲಂಗರಿನ ನೆತ್ತಿಗೆ ನಡೆಸಬೇಕು. ಸಡಿಲಾದ ಸರಪಳಿಯನ್ನಷ್ಟೆ ರಾಟೆ ಸುತ್ತಿಕೊಳ್ಳಬೇಕು. ಸರಪಳಿ ನೆಟ್ಟಗಾದಾಗ ಗೂಟಕ್ಕೆ ಬಿಗಿದು ಕಾಯುವುದು. ಅಲೆ ದೋಣಿಯ ಮೂತಿಯನ್ನು ಎತ್ತುತ್ತದೆ. ಟನ್ನುಗಟ್ಟಲೆ ತೂಕವನ್ನು ಹೊತ್ತ ನೀರು ಲಂಗರನ್ನು ಕೀಳುತ್ತದೆ. ಆ ಗಳಿಗೆಯಲ್ಲಿ ಯಾರ ಕೈಯೂ ಸರಪಳಿಯ ಮೇಲೆ ಇರಕೂಡದು. ಬಂಡೆಯ ಸಂದಿಗೆ ಸಿಕ್ಕಿಬಿದ್ದರೆ ಎಂದು ಲಂಗರಿನ ಬೆನ್ನಿಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ತೇಲುಬುಂಡೆ ಬಿಟ್ಟಿದ್ದರು. ಹೊಕ್ಕ ದಾರಿಯಲ್ಲಿಯೇ ಹಿಂದಕ್ಕೆಳೆದು ಬಿಡಿಸಲು. ಬುಂಡೆಯನ್ನು ಕಂಡ ಮೀನುಗಾರರ ಹುಡುಗನೊಬ್ಬ ಯಾರದೋ ಬಲೆಯೆಂದುಕೊಂಡು ಅದನ್ನು ಎತ್ತಿ ನೋಡಿ ಬಿಟ್ಟುಹೋದ. ಅದೂ ಆಗುವುದುಂಟಂತೆ.

ಮುಂದಿನ ವಾರ ಹೊನ್ನಾವರಕ್ಕೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಅವರಿಗೀಗ ತೊಂಬತ್ತು ದಾಟಿದೆ. ಕಿವಿ ಮಂದ, ಬುದ್ಧಿ ಚುರುಕು. ನೇಗಿಲಿನ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ಇಷ್ಟು ಚೆಂದ ಹುಗಿದ್ರೆ ಎಬ್ಬಿಸೂದು ಹ್ಯಾಗೆ, ತಮ್ಮಾ?" ಎಂದರು. ಅಲೆಯ ಕೈಯಲ್ಲಿ ಎತ್ತಿಸುವ ವಿಧಾನವನ್ನು ವಿವರಿಸಿದೆ. ಅವರು ನಕ್ಕುಬಿಟ್ಟರು. "ಅದು ನಮಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ? ಮೂತಿ ಇಳಿದಾಗ ಸೇದೂದು, ಎದ್ದಾಗ ಗೂಟಕ್ಕೆ ಸುತ್ತಿ ಹಿಡಿಯೂದು. ಐಲೇಸಾ ಅಂತ ಕೂಗೂದು ಮತ್ಯಾಕೆ? ಎಲ್ಲರ ಕೈ ಒಟ್ಟಿಗೆ ಬರ್ಲಿ, ಒಟ್ಟಿಗೆ ಬಿಡ್ಲಿ ಅಂತ."

ಹಾಗಾದರೆ ಅಂದು ರಾತ್ರಿ ಹಗ್ಗದ ಬಳಿ ಕೈಯಿಟ್ಟು ನಿಂತದ್ದೇಕೆ ಎಂದು ಕೇಳಿದೆ. ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ನಾನು ಎಲ್ಲರಿಗಿಂತ ಸಣ್ಣವ. ಸಿಂಬೆಯ ಹತ್ರ ಸಣ್ಣವರನ್ನೇ ನಿಲ್ಸೂದು ರೂಢಿ. ಹಗ್ಗ ತೊಡರಿದ್ರೆ ಹಗ್ಗ ತುಂಡಾಗ್ತದೆ. ಹೊಸ ಹಗ್ಗಕ್ಕೆ ದುಡ್ಡು ಕೊಡಬೇಕು. ಬೆರಳಿಗೆ ಯಾರು ಕೊಡೂದು?" ಸ್ವಲ್ಪ ತಡೆದು, "ತಂಡೇಲ ಕೆಟ್ಟವ ಅಲ್ಲ. ಅವನ ಕಾಲಿನಲ್ಲೂ ಒಂದು ಬೆರಳು ಇರ್ಲಿಲ್ಲ" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಟೇಲರರ ಬುದ್ಧಿವಂತಿಕೆಯಿಂದಾಗಲಿ ಕಪ್ತಾನರ ರಾಟೆಯಿಂದಾಗಲಿ ತುಂಬಿಕೊಳ್ಳದ ಒಂದು ಲೆಕ್ಕ ಅದರಲ್ಲಿತ್ತು. ಅಲೆಯಿಂದ ಕೆಲಸ ಮಾಡಿಸುವ ಜಾಣ್ಮೆ ಪತ್ತೆಮಾರಿಯಲ್ಲಿ ಆಗಲೇ ಇತ್ತು. ಸಿಂಬೆಗೂ ಹುಡುಗನಿಗೂ ನಡುವೆ ಒಂದು ಹಲಗೆ ಹೊಡೆಯಲು ಹಡಗಿನಲ್ಲಿ ಮೊಳೆಯಿತ್ತು, ಮರವಿತ್ತು, ಬಡಗಿಯೂ ಇದ್ದನಂತೆ.

ಅಜ್ಜ ಚಿತ್ರವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಸರಪಳಿಗೆ ಬಣ್ಣದ ಪಟ್ಟೆ ಬಳಿಯುವುದೊಂದನ್ನು ಮೆಚ್ಚಿದರು. ತಮ್ಮ ಕಾಲದಲ್ಲಿ ಬಟ್ಟೆಯ ಚೂರು ಕಟ್ಟುತ್ತಿದ್ದರಂತೆ. ಕತ್ತಲೆಯಲ್ಲಿ ಅದು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಬಿಳಿಯದೇ ಬಳಿಯಬೇಕು, ಕೆಂಪು ರಾತ್ರಿಯಲ್ಲಿ ಕಪ್ಪಾಗಿ ಕಾಣುತ್ತದೆ ಎಂದು ಹೇಳಿಕಳಿಸಿದರು. ಕಪ್ತಾನರಿಗೆ ಮುಟ್ಟಿಸಿದೆ. ಅವರು ಕೂಡಲೆ ಒಪ್ಪಿದರು. ಅವರ ಪತ್ನಿ ಒಪ್ಪಲಿಲ್ಲ. ಬಿಳಿಯ ಮೇಲೆ ಕೆಸರು ಕಾಣುತ್ತದೆ, ಹಳದಿಯೇ ಆಗಬೇಕೆಂದು ಅವರ ಮತ. ಮಳೆ ನಿಂತ ಮೇಲೆ ಸರಪಳಿಯನ್ನು ಅಂಗಳದಲ್ಲಿ ಹಾಸಿ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಡಬ್ಬಿ ಎರಡು ಬಣ್ಣದ್ದೂ ತಂದಿಟ್ಟಿದ್ದೇನೆ.